ಪದ ಬೇಕು: ‘ನೀಡಲ್ ಶೇರಿಂಗ್’ಗೆ ‘ಸೂಜಿ ಹಂಚಿಕೆ’ ಸರಿಯೇ?

ಮಣಿಪುರದ ಎಚ್‌ಐವಿ ಕುರಿತ ಲೇಖನವೊಂದರ ಅನುವಾದ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. 1989–90ರಲ್ಲಿ ಅಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವವರಲ್ಲಿ ಸೋಂಕು ಕೆಲವೇ ತಿಂಗಳಲ್ಲಿ ಅರ್ಧದಷ್ಟು ಮಂದಿಗೆ ಹರಡಿತು. ಕಾರಣ ‘ಸೂಜಿ ಹಂಚಿಕೆ’ ಎಂದು ಬರೆದೆ. ಎರಡು ಪ್ಯಾರಾ ಕೆಳಗೆ ಹೊಸ ಸೂಜಿ ಕೊಡುವ ಕಾರ್ಯಕ್ರಮ ಬಂತು. ಅದೂ ‘ಸೂಜಿ ಹಂಚಿಕೆ’ಯೇ! ರೋಗ ಹರಡಿದ್ದೂ ಅದರಿಂದ, ತಗ್ಗಿದ್ದೂ ಅದರಿಂದ ಎಂದಾಗಿದೆ. ಬೇರೆ ಪದ ತಿಳಿಸಿ.

ಮರು:
‘ಎಂಜಲು ಸೂಜಿ’. ಇದಕ್ಕಿಂತ ಚೆನ್ನಾದ ಪದ ಸಿಗದು. ಬಾಯಿಯ ಅರ್ಥ ಆಮೇಲೆ ಅಂಟಿದ್ದು. ತಮಿಳಿನ ಎಚ್ಚಿಲ್, ಎಚ್ಚಂ ನೋಡಿ, ಎಚ್ಚಂ ಎಂದರೆ ಉಳಿಕೆ. ಸೂಜಿಯಲ್ಲಿ ಉಳಿದ ರಕ್ತ ತಾನೇ ಇಲ್ಲಿ ತೊಂದರೆ?

ಮರು: ಮರು:
> ‘ಎಂಜಲು ಸೂಜಿ’

ಖಂಡಿತ ಬೇಡ. ಎಂಜಲಿನಿಂದ ಎಚ್‌ಐವಿ ಹರಡುವುದಿಲ್ಲ, ಜೊತೆಯಲ್ಲಿ ಉಂಡರೆ ಬರುವುದಿಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ. ಓದುಗರು ತಮಿಳು ನಿಘಂಟು ತೆರೆದು ಕೂರುವುದಿಲ್ಲ.

ಮೂಲ ಲೇಖನದ ‘ಶೇರಿಂಗ್’ ಒಂದೇ ಕೆಲಸವೂ ಅಲ್ಲ. ಒಬ್ಬರು ಚುಚ್ಚಿಕೊಂಡದ್ದನ್ನೇ ಇನ್ನೊಬ್ಬರು ಚುಚ್ಚಿಕೊಳ್ಳುವುದು ಒಂದು. ನರ ಸಿಕ್ಕಿತೋ ಎಂದು ನೋಡಲು ಪಿಸ್ಟನ್ ಹಿಂದಕ್ಕೆಳೆದಾಗ ರಕ್ತ ಒಳಗೆ ಬಂದಿರುತ್ತದೆ, ಅದು ಮುಂದಿನವರಿಗೆ ಹೋಗುತ್ತದೆ. ಇನ್ನೊಂದು, ಇಬ್ಬರು ದುಡ್ಡು ಸೇರಿಸಿ ಕೊಂಡ ಮಾಲನ್ನು ಒಂದೇ ಸಿರಿಂಜಿನಲ್ಲಿ ಅಳೆದು, ಮತ್ತೊಂದರ ಪಿಸ್ಟನ್ ಕಿತ್ತು ಹಿಂದಿನಿಂದ ಅರ್ಧ ಬಿಡುವುದು. ಸೂಜಿ ಇಬ್ಬರದೂ ಬೇರೆ, ಆದರೂ ಅಳೆದ ಸಿರಿಂಜು ಮೊದಲೇ ಬಳಸಿದ್ದಾದರೆ ವೈರಸ್ ದಾಟುತ್ತದೆ. ಕರಗಿಸುವ ಚಮಚ, ಸೋಸುವ ಹತ್ತಿ, ತೊಳೆಯುವ ನೀರು, ಇವೂ ಹಾಗೆಯೇ. ‘ಹಂಚಿಕೊಳ್ಳು’ ಸರಿಯಾಗಿ ಕೂರುವುದು ಮಾಲಿಗೆ ಮಾತ್ರ. ಸೂಜಿಗೆ ‘ಒಬ್ಬರದನ್ನು ಇನ್ನೊಬ್ಬರು ಬಳಸುವುದು’ ಎಂದೇ ಬಿಡಿಸಿ ಬರೆಯಿರಿ.

ಕಾರ್ಯಕ್ರಮಕ್ಕೆ ‘ವಿನಿಮಯ’ವೂ ಬೇಡ, ಅದೂ ತಮ್ಮತಮ್ಮಲ್ಲೇ ಅದಲುಬದಲು ಎನ್ನಿಸುತ್ತದೆ. ‘ಹಳೆಯದಕ್ಕೆ ಹೊಸ ಸೂಜಿ’ ಸಾಕು. 2017ರ ಎಚ್‌ಐವಿ ಕಾಯ್ದೆಯ 22ನೇ ಕಲಂ ಹೊಸ ಸೂಜಿ ಕೊಡುವುದು ಅಪರಾಧವಲ್ಲ ಎಂದಿದೆ. ನಿಮ್ಮ ವಾಕ್ಯ ಅದನ್ನು ಅಪರಾಧ ಮಾಡದಿರಲಿ.

ಮರು: ಮರು: ಮರು:
ಉಪಕಾರವಾಯಿತು. ಇನ್ನೊಂದೇ: ‘ಡೆಡ್ ಸ್ಪೇಸ್’ಗೆ ‘ಮೃತಾವಕಾಶ’ ಎಂದಿಟ್ಟಿದ್ದೇನೆ.

ಮರು:
ದೇವರೇ. ‘ಉಳಿಕೆ ಜಾಗ’ ಎನ್ನಿ. ಪಿಸ್ಟನ್ ಪೂರ್ತಿ ಒತ್ತಿದರೂ ಸೂಜಿ ಬಿಚ್ಚುವ ಸಿರಿಂಜಿನ ಕತ್ತಿನಲ್ಲಿ 80 ಮೈಕ್ರೋಲೀಟರಿಗೂ ಹೆಚ್ಚು ಉಳಿಯಬಹುದು. ಸೂಜಿ ಕೂಡಿಯೇ ಬರುವ ಇನ್ಸುಲಿನ್ ಸಿರಿಂಜಿನಲ್ಲಿ 2ರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಉಳಿಕೆ ಕಡಿಮೆ ಇರುವುದನ್ನೂ ಕೊಡಿ ಎಂದದ್ದು ಇದಕ್ಕೇ. ಎಚ್ಚಂ ಬೇಡವೆಂದವರು ಈಗ ಏನೆನ್ನುತ್ತಾರೋ!

ಮರು: ಮರು:
ಎಲ್ಲ ಸರಿ, ‘ಸಿರಿಂಜು’ ಯಾಕೆ? ‘ಚುಚ್ಚುಗೊಳವೆ’ ಎನ್ನಲು ನಾಲಿಗೆ ಹೊರಳದೇ? ಎರವಲು ತಂದು ತಂದೇ ಕನ್ನಡ ಹೀಗಾಗಿರುವುದು.

ಮರು: ಮರು: ಮರು:
ಔಷಧಿ ಅಂಗಡಿಗೆ ಹೋಗಿ ಚುಚ್ಚುಗೊಳವೆ ಕೇಳಿ, ಏನು ಕೊಡುತ್ತಾರೆ ನೋಡೋಣ. ಅಂದಹಾಗೆ ‘ಸೂಜಿ’ ಕೂಡ ಸಂಸ್ಕೃತದ ‘ಸೂಚಿ’ಯ ತದ್ಭವ. ನಾಳೆಯಿಂದ ದಬ್ಬಳದಲ್ಲಿ ಚುಚ್ಚಿಸಿಕೊಳ್ಳುತ್ತೀರಾ?

ಮರು:
ತದ್ಭವ ಎರವಲಲ್ಲ. ವ್ಯಾಕರಣ ಓದಿ ಬನ್ನಿ.