ಅಪ್‌ಡೇಟ್: ಕಾರ್ ಶೆಡ್ಡಿನ ಮಳೆನೀರಿನ ದೋಣಿಗೆ ಕೊನೆಗೂ ವಾಟ ಸಿಕ್ಕಿತು

ಮಳೆಗಾಲಕ್ಕೆ ಮುಂಚೆ ಇಲ್ಲಿ ಕೇಳಿದ್ದೆ, ನೆನಪಿರಬಹುದು. ತೀರ್ಥಹಳ್ಳಿ ಕಡೆ ನಮ್ಮ ಕಾರ್ ಶೆಡ್ಡು, 24 ಅಡಿ ಉದ್ದ, 16 ಅಡಿ ಅಗಲ, ಶೀಟಿನ ಮಾಡು, ಒಂದೇ ಕಡೆ ಇಳಿಜಾರು. ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ದೋಣಿಗೆ ವಾಟ (ನೀರು ಹರಿಯಲು ಕೊಡುವ ಇಳಿಜಾರು) ಎಷ್ಟು, ನೀರು ಕೆಳಗಿಳಿಸುವ ಪೈಪು ಎಲ್ಲಿ ಅಂತ.

ಒಂದೇ ಮೂಲೆಗೆ ಪೈಪು ಸಾಕು ಅಂದುಕೊಂಡಿದ್ದೆ. ನೀವೆಲ್ಲ ಬೇಡ ಅಂದಿರಿ. ಲೆಕ್ಕ ಹಾಕಿದೆ: ಮಾಡು ಸುಮಾರು 36 ಚದರ ಮೀಟರ್. ಗಂಟೆಗೆ 100 ಮಿ.ಮೀ. ಜೋರಿನ ಮಳೆ ಹೊಡೆದರೆ ನಿಮಿಷಕ್ಕೆ 60 ಲೀಟರ್ ನೀರು! ಹಾಗಾಗಿ ನಡುವೆ ಎತ್ತರ ಇಟ್ಟು ಎರಡೂ ತುದಿಗೆ ವಾಟ ಕೊಟ್ಟೆವು. ಹತ್ತು ಅಡಿಗೆ ಅರ್ಧ ಇಂಚು. ಎರಡು ಪೈಪು.

ಫಿಟ್ಟರ್ ಕಣ್ಣಳತೆಯಲ್ಲೇ ಕ್ಲ್ಯಾಂಪ್ ಹೊಡೆಯಲು ಹೊರಟಿದ್ದರು. ನಾನು ಬಿಡಲಿಲ್ಲ, ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಪೈಪು) ಹಿಡಿದು ದಾರ ಕಟ್ಟಿಸಿದೆ. ಅವರ ಮುಖ ಸ್ವಲ್ಪ ಸಣ್ಣದಾಯಿತು, ಇರಲಿ. ಒಂದು ಬಕೆಟ್ ನೀರು ನಡುವೆ ಸುರಿದರೆ ಎರಡು ಕಡೆಗೂ ಹರಿಯಿತು, ಎಲ್ಲೂ ನಿಲ್ಲಲಿಲ್ಲ.

ಜುಲೈ ಮಳೆಯಲ್ಲಿ ಒಂದೇ ಸಲ ಉಕ್ಕಿತು. ಹತ್ತಿ ನೋಡಿದರೆ ಪೈಪಿನ ಬಾಯಿಗೆ ಹಲಸಿನ ಎಲೆ ಅಂಟಿಕೊಂಡಿತ್ತು. ಈಗ ಜಾಲರಿ ಹಾಕಿದ್ದೇನೆ. ಬಲಗಡೆ ಪೈಪಿನ ನೀರು ಸುಮ್ನೆ ಅಂಗಳಕ್ಕೆ ಬೀಳುತ್ತಿದೆ, ಮುಂದಿನ ವಾರ ಡ್ರಮ್ಮಿಗೆ ತಿರುಗಿಸಬೇಕು.