ಅಪ್‌ಡೇಟ್: ರಂಗನತಿಟ್ಟು ಪಕ್ಷಿಧಾಮಕ್ಕೆ ಹೋಗಿ ಬಂದೆವು

ಫೆಬ್ರವರಿ ಕೊನೆಯ ರಂಗನತಿಟ್ಟು ಗೈಡೆಡ್ ಟೂರ್‌ಗೆ 8×42 ಬೈನಾಕ್ಯುಲರ್ (8 ಪಟ್ಟು ಹತ್ತಿರ ತೋರಿಸುವುದು, ಮುಂದಿನ ಲೆನ್ಸ್ 42 ಮಿ.ಮೀ.) ಸಾಕಾ, 10×50 ಬೇಕಾ ಅಂತ ಕೇಳಿದ್ದೆನಲ್ಲ? 8×42 ಅಂದವರಿಗೆ ಥ್ಯಾಂಕ್ಸ್. ದೋಣಿಯಲ್ಲಿ ಪಕ್ಕದವರ 10×50 ಇಸ್ಕೊಂಡು ನೋಡಿದೆ, 10 ಪಟ್ಟಿಗೆ ಕೈ ನಡುಕವೂ ದೊಡ್ಡದಾಗಿ ಕಂಡದ್ದೆಲ್ಲ ಕುಣಿಯುತ್ತಿತ್ತು. ಹಾಗೆ ನೋಡಿದರೆ ಬಣ್ಣದ ಕೊಕ್ಕರೆಗಳಿಗೆ ಬರಿಗಣ್ಣೇ ಸಾಕು, ದೋಣಿ ಅಷ್ಟು ಹತ್ತಿರ ಹೋಗುತ್ತದೆ. ಒಂದು ಕೊಕ್ಕರೆ ಗೂಡಲ್ಲಿ ಕೂತಿತ್ತು, ಇನ್ನೊಂದು ಎಲೆ ಸಮೇತ ರೆಂಬೆ ಮುರಿದು ತಂದು ಕೊಡುತ್ತಿತ್ತು. ಬಾಲದ ಹತ್ತಿರದ ಗುಲಾಬಿ ಗರಿಯೂ ಕಾಣಿಸಿತು. ಬಂಡೆ ಮೇಲೆ ರಿವರ್ ಟರ್ನ್ ಹಕ್ಕಿ, ಸ್ವಲ್ಪ ದೂರದಲ್ಲೇ ಬಾಯಿ ತೆರೆದುಕೊಂಡು ಮಲಗಿದ ಮೊಸಳೆ!

ಹೋಗುವವರು ಬೆಳಗ್ಗೆ ಬೇಗ ಹೋಗಿ, ಆಮೇಲೆ ಬಿಸಿಲು ಜಾಸ್ತಿ. ಟೋಪಿ, ನೀರು ಇರಲಿ. ಸ್ವೆಟರ್ ಸುಮ್ನೆ ಭಾರ.

ಅಮ್ಮ ಈಗ ಕೊಕ್ಕರೆ ಬೆಳ್ಳೂರಿಗೂ ಹೋಗಬೇಕು ಅಂತ ಹಟ ಹಿಡಿದಿದ್ದಾರೆ. ಅಲ್ಲಿ ಹೆಜ್ಜಾರ್ಲೆಗಳು (ಪೆಲಿಕಾನ್) ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವಲ್ಲ, ಮಾರ್ಚ್‌ನಲ್ಲಿ ಹೋದರೆ ಮರಿಗಳನ್ನು ನೋಡಬಹುದಾ?