‘ದೆನಿಯೆ’ಯನ್ನು ದೀನಾರ ಎನ್ನಬಹುದೇ?

ಮಧ್ಯಯುಗದ ಅಥೆನ್ಸ್ ಡಚಿಯ (ಡ್ಯೂಕರು ಆಳುತ್ತಿದ್ದ ಸಂಸ್ಥಾನದ) ಚಿಲ್ಲರೆ ನಾಣ್ಯಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಎದುರಾದ ‘ದೆನಿಯೆ’ (ನಾಣ್ಯದ ಹೆಸರು), ‘ಬಿಯೋನ್’ (ಅದರ ಲೋಹ) ಎಂಬ ಎರಡು ಪದಗಳ ವಿಚಾರವಾಗಿ ಬಲ್ಲವರ ಅಭಿಪ್ರಾಯ ಬೇಕಾಗಿದೆ. 1204ರಲ್ಲಿ ಪಶ್ಚಿಮ ಯುರೋಪಿನ ಕ್ರುಸೇಡ್ ಪಡೆಗಳಿಂದ ಕಾನ್‌ಸ್ಟಾಂಟಿನೋಪಲ್ ಸೂರೆಯಾದ ಬಳಿಕ ಅಥೆನ್ಸ್ ಮತ್ತು ಥೀಬ್ಸ್ ಫ್ರಾನ್ಸಿನ ಬರ್ಗಂಡಿ ಮೂಲದ ದ ಲಾ ರೋಶ್ ಮನೆತನದ ಕೈಸೇರಿದವು. ಆ ಮನೆತನದ ಗಿಯೋಮ್ (1280–1287) ಮತ್ತು ಎರಡನೆಯ ಗೀ (1287–1308) ಥೀಬ್ಸಿನಲ್ಲಿ ಅಚ್ಚು ಹಾಕಿಸಿದ್ದು ಫ್ರಾನ್ಸಿನ ತೂರ್ ಪಟ್ಟಣದ ಮಾದರಿಯ ದೆನಿಯೆಗಳನ್ನು. ಒಂದು ಮುಖದಲ್ಲಿ ಶಿಲುಬೆಯೂ ಅದರ ಸುತ್ತ ಡ್ಯೂಕನ ಹೆಸರೂ, ಇನ್ನೊಂದು ಮುಖದಲ್ಲಿ ಗೆರೆಗಳಿಂದ ಕಟ್ಟಿದ ಪುಟ್ಟ ಕೋಟೆಯೂ ಅಂಚಿನಲ್ಲಿ ಥೀಬ್ಸಿನ ಹೆಸರೂ ಇರುತ್ತವೆ.

ದೆನಿಯೆಯನ್ನು ‘ದೀನಾರ’ ಎಂದು ಬರೆದರೆ ವ್ಯುತ್ಪತ್ತಿಯ ಲೆಕ್ಕದಲ್ಲಿ ತಪ್ಪಿಲ್ಲ, ಏಕೆಂದರೆ ಎರಡೂ ರೋಮನರ ದೆನಾರಿಯಸ್‌ನಿಂದಲೇ ಬಂದವು. ಆದರೆ ಗುಪ್ತರ ಕಾಲದಿಂದ ನಮ್ಮಲ್ಲಿ ದೀನಾರವೆಂದರೆ ಹೊನ್ನಿನ ನಾಣ್ಯ. ಅತ್ತ ದೆನಿಯೆಯಾದರೋ ಸೂ ಎಂಬ ಲೆಕ್ಕದ ಹಣದ ಹನ್ನೆರಡನೆಯ ಒಂದು ಪಾಲು, ಅದಕ್ಕಿಂತ ದೊಡ್ಡ ಲೆಕ್ಕದ ಹಣವಾದ ಲಿವ್ರ್‌ನ 240ನೆಯ ಒಂದು ಪಾಲು. ಸಂತೆಯ ಕೊಳುಕೊಡುಗೆಗೆ ಒದಗುವ ನಾಣ್ಯ. 1311ರಲ್ಲಿ ಹಾಲ್ಮಿರೋಸ್ ಕಾಳಗದಲ್ಲಿ ಅಥೆನ್ಸಿನ ಡ್ಯೂಕ್ ಗೋತಿಯೆ ದ ಬ್ರಿಯೆನ್‌ನನ್ನು ಕೊಂದ ಕತಲನ್ ಪಡೆ, ಅವನೇ ಕರೆಸಿ ಸಂಬಳ ಬಾಕಿ ಉಳಿಸಿಕೊಂಡಿದ್ದ ಕೂಲಿ ಸೈನಿಕರದು. ಆ ಬಾಕಿಯನ್ನು ದೀನಾರಗಳಲ್ಲಿ ಎಣಿಸಿ ಬರೆದರೆ ಕನ್ನಡ ಓದುಗರ ಕಣ್ಣ ಮುಂದೆ ಚಿನ್ನದ ರಾಶಿ ಬಂದುಬಿಡುತ್ತದೆ. ನನ್ನ ಒಲವು ಮೊದಲ ಸಲ ‘ದೆನಿಯೆ’ ಎಂದು ಹೇಳಿ, ಆಮೇಲೆ ‘ಕಾಸು’ ಎಂದು ಮುಂದುವರಿಸುವ ಕಡೆಗಿದೆ. ಹಾಗ, ವೀಸಗಳು ಶಾಸನಗಳಲ್ಲಿ ಸಿಗುತ್ತವೆಯಾದರೂ ಅವು ‘ಹಣ’ ಎಂಬ ನಾಣ್ಯದ ನಾಲ್ಕನೆಯ ಮತ್ತು ಹದಿನಾರನೆಯ ಪಾಲುಗಳೆಂಬ ನಿಶ್ಚಿತ ಲೆಕ್ಕದವು. ಇಲ್ಲಿ ತಂದರೆ ಗೊಂದಲವೇ ಹೆಚ್ಚು.

ಇನ್ನೊಂದು ತೊಡಕು ಬಿಯೋನ್, ಅಂದರೆ ಬೆಳ್ಳಿ ಕಡಿಮೆ, ತಾಮ್ರ ಹೆಚ್ಚು ಇರುವ ಈ ನಾಣ್ಯಗಳ ಲೋಹ. ‘ಕಲಬೆರಕೆ ಬೆಳ್ಳಿ’ ಎಂದರೆ ಮೋಸದ ವಾಸನೆ ಹೊಡೆಯುತ್ತದೆ. ಟಂಕಸಾಲೆಯೇ ಗೊತ್ತುಮಾಡಿದ ಪ್ರಮಾಣದಲ್ಲಿ ತಾಮ್ರ ಕೂಡಿಸಿದ್ದನ್ನು ಹಾಗೆ ಕರೆಯುವುದು ನ್ಯಾಯವಲ್ಲ. ‘ಬೆರಕೆ ಬೆಳ್ಳಿ’ ಸ್ವಲ್ಪ ಮೆದುವಾದೀತು, ‘ತಾಮ್ರ ಬೆರೆಸಿದ ಬೆಳ್ಳಿ’ ಇನ್ನಷ್ಟು ಸ್ಪಷ್ಟ, ಆದರೆ ಪ್ರತಿ ಸಾಲಿನಲ್ಲೂ ಬಳಸಲು ಉದ್ದ. ಅಕ್ಕಸಾಲಿಗರ ಮಾತಿನಲ್ಲಿ ಇಂಥ ಲೋಹಕ್ಕೆ ಆಕ್ಷೇಪದ ಧ್ವನಿಯಿಲ್ಲದ ಒಂದೇ ಪದ ಬಳಕೆಯಲ್ಲಿದ್ದರೆ, ಅದನ್ನು ಯಾವ ಊರಿನ ಕಡೆ ಹೇಗೆ ಆಡುತ್ತಾರೆಂಬ ವಿವರದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.